ಟವರ್ ಸಿಗದ ಫೋನೇ ಬೇಕೆಂದು

ಅಂಗಡಿಗೆ ಹೋದವರು ಸಾಮಾನಿನಲ್ಲಿ ಐಬು ಹುಡುಕುವುದು ಲೋಕರೂಢಿ. ಬದನೆಕಾಯಿಯನ್ನು ತಿರುಗಿಸಿ ತೂತು ನೋಡುತ್ತೇವೆ, ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತೇವೆ, ಐಬು ಕಂಡರೆ ಕೆಳಗಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತೇವೆ. ಐಬು ಇದೆ ಎಂದು ಗೊತ್ತಾದ ಮೇಲೆಯೇ ಆಸೆ ಹುಟ್ಟಿದ ಗಿರಾಕಿ ಬಹುಶಃ ನಾನೊಬ್ಬನೇ. ಬಂಗಾರಪೇಟೆ ಸ್ಟೇಷನ್ ರಸ್ತೆಯ ಆ ಮೊಬೈಲ್ ಅಂಗಡಿಯವರು ನನಗೆ ಹಳೆಯ ಪರಿಚಯ; ಮೊದಲು ಅಲ್ಲೇ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದರು. ಸುಳ್ಳು ಹೇಳಿ ಮಾರುವವರಲ್ಲ. ಗಾಜಿನೊಳಗಿದ್ದ ಹೊಸ ಫೋನಿನ ಮೇಲೆ ನನ್ನ ಕಣ್ಣು ಬಿದ್ದದ್ದೇ ತಡ, "ಅದು ಬ್ಯಾಡಿ ಸಾರ್. ಕ್ಯಾಮೆರಾ ಏನೋ ಬೊಂಬಾಟ್, ಆದ್ರೆ ಒಳಗಡೆ ಇದ್ರೆ ಟವರ್ ಸಿಗಲ್ಲ. ತಗೊಂಡೋದವರೆಲ್ಲ ಬಂದು ಬೈತಾವ್ರೆ" ಎಂದರು. ಒಳಗಡೆ ಎಂದರೆ ಎಂಥ ಒಳಗಡೆ, ಶೀಟು ಹೊದಿಸಿದ ಸಣ್ಣ ಕೋಣೆಯ ಮರದ ಗೂಡಿನಲ್ಲಿಟ್ಟರೆ ಹೇಗೆ ಎಂದು ಕೇಳಿದೆ. ಅಲ್ಲಂತೂ ಇಲ್ಲವೇ ಇಲ್ಲ ಎಂದರು. ನನ್ನ ಮುಖ ಅರಳಿದ್ದನ್ನು ಕಂಡು ಅವರಿಗೆ ಏನೋ ಅನುಮಾನ ಬಂದಿರಬೇಕು.

ಆ ಕೋಣೆ ನಮ್ಮ ಫ್ಯಾಕ್ಟರಿಯ ಗೇಟಿನದು. ಕೆಜಿಎಫ್‌ನ ನಮ್ಮ ಫ್ಯಾಕ್ಟರಿಯಲ್ಲಿ ಫೋನು ಒಳಗೆ ಒಯ್ಯುವಂತಿಲ್ಲ. ಬೆಳಿಗ್ಗೆ ಗೇಟಿನ ಗೂಡಿನಲ್ಲಿಟ್ಟು ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಸಂಜೆ ಬಿಲ್ಲೆ ಕೊಟ್ಟು ಫೋನು ಬಿಡಿಸಿಕೊಳ್ಳಬೇಕು. ಇದೆಲ್ಲ ನಮ್ಮಕ್ಕನಿಗೂ ಗೊತ್ತು. ಅವ್ವ ಹೋದ ಮೇಲೆ ನನ್ನನ್ನು ಎತ್ತಿ ಸಾಕಿದವಳು, ಈಗ ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡಿದ್ದಾಳೆ. ಗೊತ್ತಿದ್ದೂ ದಿನಾ ಹತ್ತು ಗಂಟೆಗೆ ಸರಿಯಾಗಿ ಫೋನು ಮಾಡುತ್ತಾಳೆ. ಗೂಡಿನಲ್ಲಿ ಅದು ಬಡಿದುಕೊಳ್ಳುವುದನ್ನು ತಾಳಲಾರದೆ ಗೇಟಿನ ಕಾವಲಿನ ಸೆಲ್ವರಾಜು ಒಂದು ದಿನ ಎತ್ತಿಬಿಟ್ಟ. ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದ ಅವನಿಗೆ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬಾಯಿ. ಅಕ್ಕನೂ ಕಮ್ಮಿಯಿಲ್ಲ. ಅಂದಿನಿಂದ ಅವನು ಸಂಜೆ ಫೋನು ಕೊಡುವಾಗ ಅಕ್ಕನ ಸಂದೇಶಗಳನ್ನೂ ಒಂದೂ ಬಿಡದೆ ಒಪ್ಪಿಸತೊಡಗಿದ, ಹಿಂದೆ ನಿಂತ ಇಡೀ ಶಿಫ್ಟಿಗೆ ಕೇಳುವಂತೆ. ಭಾನುವಾರ ನಾನು ಹರಳೆಣ್ಣೆ ಕುಡಿಯಬೇಕೆಂಬ ಅಪ್ಪಣೆ ಹೀಗೆ ಪ್ರಕಟವಾಯಿತು. ಸೋಮವಾರ ಬೆಳಿಗ್ಗೆ ಧಾರವಾಡದ ನಮ್ಮ ಫೋರ್‌ಮನ್ನರು ಮೆಷಿನ್ ಪಕ್ಕ ಬಂದು, ಬಹಳ ಗಂಭೀರವಾಗಿ, "ಕುಡದ್ರೇನ್ರಿ?" ಎಂದರು.

ಫೋನನ್ನು ಸೈಲೆಂಟ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿ ನೋಡಿದ್ದೆ. ಮಧ್ಯಾಹ್ನದೊಳಗೆ ಅಕ್ಕ ಗಾಬರಿಯಿಂದ ಬಸ್ಸು ಹಿಡಿದು ಗೇಟಿಗೇ ಬಂದಿದ್ದಳು, ಕೈಯಲ್ಲಿ ರಾಗಿಹಿಟ್ಟಿನ ಚೀಲ ಬೇರೆ. ಸುಳ್ಳು ಹೇಳೋಣವೆಂದರೆ ಐವತ್ತೊಂದು ವರ್ಷವಾದರೂ ಅಕ್ಕನೆದುರು ನನಗೆ ಸುಳ್ಳು ಬರುವುದಿಲ್ಲ. ಆದ್ದರಿಂದ ಸತ್ಯವಾಗಿಯೂ ಟವರ್ ಸಿಗದ ಫೋನು ನನಗೆ ದೇವರು ಕೊಟ್ಟ ವರವಾಗಿ ಕಂಡಿತು. ಆದರೂ ಐಬಿರುವ ಸಾಮಾನಿಗೆ ದುಡ್ಡು ಸುರಿಯಲು ಮನಸ್ಸು ಹಿಂಜರಿಯಿತು. ಬಂಗಾರಪೇಟೆಯಿಂದ ನಮ್ಮ ಮನೆಯಿರುವ ಉರಿಗಾಂ ಸೇರುವಷ್ಟರಲ್ಲಿ ಬಸ್ಸಿನಲ್ಲಿ ಕೂತೇ ನಾಲ್ಕು ಸಲ ಕೊಂಡು ನಾಲ್ಕು ಸಲ ವಾಪಸ್ ಮಾಡಿದೆ. ಮನೆಯಲ್ಲಿ ಹೆಂಡತಿ ಜಯಾಳ ಅಭಿಪ್ರಾಯ ಕೇಳಿದೆ. ನೋಡೋಕೆ ಚೆಂದ, ಕರೆದರೆ ಓಗೊಡಲ್ಲ ಅನ್ನುವಂಥದ್ದು ಇನ್ನೊಂದು ಯಾಕೆ, ಮನೆಯಲ್ಲಿ ಈಗಾಗಲೇ ಒಂದಿದೆಯಲ್ಲ ಎಂದಳು. ಸ್ವಲ್ಪ ಯೋಚಿಸಿ, ಅದು ನೋಡೋಕೂ ಅಷ್ಟಕ್ಕಷ್ಟೇ ಎಂದು ಸೇರಿಸಿದಳು.

ಮರುದಿನ ಮತ್ತೆ ಅಂಗಡಿಗೆ ಹೋಗಿ ಗಾಜಿನ ಮುಂದೆ ನಿಂತೆ. ನನ್ನ ಪೇಚಾಟ ನೋಡಲಾರದೆ ಅಂಗಡಿಯವರು, ತೋರಿಸಲು ಇಟ್ಟಿದ್ದ ಪೀಸನ್ನೇ ಮೂರು ದಿನ ಇಟ್ಟುಕೊಂಡು ನೋಡಿ ಎಂದು ಕೊಟ್ಟರು. ಸಿಮ್ ಹಾಕುವ ಮೊದಲು ಅಕ್ಕನಿಗೆ ವಿಷಯ ತಿಳಿಸಿದೆ: ಹೊಸ ಫೋನು, ಟವರ್ ಸಿಗುವುದಿಲ್ಲ, ಗಾಬರಿಯಾಗಬೇಡ. "ಆಗ್ಲಿ ಬುಡ್ಲಾ" ಎಂದಳು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಎರಡು ದಿನ ಪರಮಸುಖ. ಸಂಜೆ ಬಿಲ್ಲೆ ಕೊಟ್ಟರೆ ಸೆಲ್ವರಾಜು ಮಾತಿಲ್ಲದೆ ಫೋನು ಕೊಟ್ಟ, ಹಿಂದಿನವರು ನಿರಾಸೆಯಿಂದ ಕೆಮ್ಮಿದರು. ಫೋನು ಕೊಂಡೇಬಿಡುವುದೆಂದು ತೀರ್ಮಾನಿಸಿದೆ.

ಮೂರನೆಯ ಸಂಜೆ ಗೇಟಿನ ಕೋಣೆಯಲ್ಲಿ ಏಲಕ್ಕಿಯ ವಾಸನೆ. ಸೆಲ್ವರಾಜುವಿನ ಮುಂದೆ ಒಂದು ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಕೊರೆಸಿದ್ದು ನಮ್ಮ ಅವ್ವನ ಹೆಸರು. ಒಳಗೆ ಬೆಲ್ಲ ಹಾಕಿ ಬೇಯಿಸಿದ ಗಿಣ್ಣು, ಮುಕ್ಕಾಲು ಖಾಲಿ. ಗಿಣ್ಣೆಂದರೆ ನನಗೆ ಪ್ರಾಣ. ಅಕ್ಕನ ಹಸು ಈದಾಗಲೆಲ್ಲ ಮೊದಲ ದಿನದ ಗಿಣ್ಣು ನನಗೇ ಬರುತ್ತಿತ್ತು, ಅವಳ ಮಕ್ಕಳಿಗೂ ಆಮೇಲೆ.

"ಅಕ್ಕ ಹಾಲಿನ ವ್ಯಾನಲ್ಲಿ ಕಳ್ಸಿತ್ತು ಸಾರ್" ಎಂದ. "ನಿಮ್ಗೆ ಎಷ್ಟು ಮಾಡಿದ್ರೂ ಸಿಗ್ಲಿಲ್ವಂತೆ, ನಂಗೆ ಮಾಡಿತ್ತು. ಆವತ್ತು ಗೇಟಿಗೆ ಬಂದಾಗ್ಲೇ ನನ್ ನಂಬರ್ ಇಸ್ಕೊಂಡಿತ್ತಲ್ಲ. ಕೆಟ್ಟೋಗ್ತದೆ, ನೀನಾದ್ರೂ ತಿನ್ನಪ್ಪ ಅಂತು."

ನನಗೆ ಸಿಟ್ಟೇ ಬಂತು. ಇವನ ನಂಬರು ಅಕ್ಕನ ಹತ್ತಿರ ಮೊದಲೇ ಇತ್ತೆಂದರೆ, ನಾನು ಎತ್ತುವುದಿಲ್ಲವೆಂದು ಗೊತ್ತಿದ್ದೂ ದಿನಾ ನನ್ನ ಫೋನಿಗೇ ಯಾಕೆ ಮಾಡುತ್ತಿದ್ದಳು ಎಂದು ಕೇಳಿದೆ.

"ನೀವು ಎತ್ಲಿ ಅಂತ ಅಲ್ಲ ಸಾರ್. ಗೇಟಲ್ಲಿ ನಿಮ್ ಫೋನ್ ಹೊಡ್ಕೊಂಡು ನಾನ್ ಎತ್ತಿದ್ರೆ, ತಮ್ಮ ಚೆನ್ನಾಗವ್ನೆ, ಡ್ಯೂಟಿಗೆ ಓಗವ್ನೆ ಅಂತ ಅದುಕ್ಕೆ ಗೊತ್ತಾಯ್ತದೆ. ಅಷ್ಟೇ."

ಎರಡು ವರ್ಷದ ಹಿಂದೆ ಕೆಲಸಕ್ಕೆ ಹೊರಟವನು ಬಸ್ ಸ್ಟಾಪಿನಲ್ಲಿ ತಲೆ ಸುತ್ತಿ ಬಿದ್ದಿದ್ದೆ. ಅಕ್ಕನಿಗೆ ಸುದ್ದಿ ಮುಟ್ಟಿದ್ದು ಸಂಜೆ. ಹತ್ತು ಗಂಟೆಯ ಫೋನು ಶುರುವಾದದ್ದು ಆ ಮರುದಿನದಿಂದ. ಇಷ್ಟನ್ನು ಕೂಡಿಸಿ ನೋಡುವ ಬುದ್ಧಿ ನನಗೆ ಎರಡು ವರ್ಷ ಬರಲಿಲ್ಲ. ನಾಚಿಕೆಯಾಯಿತು. ಅವಳು ನನ್ನನ್ನು ಕಾದುಕೊಂಡು ಕೂತಿದ್ದರೆ ನಾನು ಅವಳಿಂದ ತಪ್ಪಿಸಿಕೊಳ್ಳಲು ಅಂಗಡಿ ಸುತ್ತುತ್ತಿದ್ದೆ. ಸೆಲ್ವರಾಜು ಮರುಕದಿಂದ ಡಬ್ಬಿ ನನ್ನ ಕಡೆ ತಳ್ಳಿದ. ಬೇಡ ಎನ್ನುವಷ್ಟು ಮಾನ ಉಳಿದಿರಲಿಲ್ಲ, ತಿಂದೆ.

ಅಂದೇ ಬಂಗಾರಪೇಟೆಗೆ ಹೋಗಿ ಫೋನು ಹಿಂತಿರುಗಿಸಿ, ಹಳೆಯದಕ್ಕೆ ಸಿಮ್ ಹಾಕಿ, ಅಂಗಡಿಯಿಂದಲೇ ಅಕ್ಕನಿಗೆ ಫೋನು ಮಾಡಿದೆ. ನಾಳೆಯಿಂದ ಹತ್ತು ಗಂಟೆಗೆ ತಪ್ಪದೆ ಮಾಡಬೇಕೆಂದು ಗೋಗರೆದೆ. ಆಗಲಿ ಎಂದಳು.

ಮರುದಿನ ಸಂಜೆ ಎಲ್ಲರಿಗಿಂತ ಮೊದಲು ಗೇಟಿಗೆ ಓಡಿ ಬಿಲ್ಲೆ ಕೊಟ್ಟೆ. ಫೋನಿನಲ್ಲಿ ಟವರ್ ತುಂಬಿ ತುಳುಕುತ್ತಿತ್ತು. ಮಿಸ್ಡ್ ಕಾಲ್ ಒಂದೂ ಇರಲಿಲ್ಲ. ಅಕ್ಕ ಮಾಡಲಿಲ್ಲವೇನಯ್ಯಾ ಎಂದು ಸೆಲ್ವರಾಜುವನ್ನು ಕೇಳಿದೆ. ಮಾಡಿದಳಂತೆ, ಅವನಿಗೇ. ನೇರವಾಗಿ ಅವನಿಗೆ ಮಾಡಿದರೆ ತಮ್ಮನ ಹಾಜರಿ, ಹರಟೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆಂದು ಈ ಮೂರು ದಿನದಲ್ಲಿ ಅವಳಿಗೆ ಗೊತ್ತಾಗಿತ್ತು. ನೀವು ಒಳಗೆ ಹೋದಿರೆಂದು ಮೊದಲೇ ಹೇಳಿಬಿಟ್ಟೆ, ಆಮೇಲೆ ಅರ್ಧ ಗಂಟೆ ಮಾತಾಡಿದೆವು ಎಂದ. ಹಿಂದೆ ಇಡೀ ಶಿಫ್ಟು ಕಿವಿ ನಿಮಿರಿಸಿ ನಿಂತಿತ್ತು. ನಾನು ನಾಚಿಕೆ ಬಿಟ್ಟು, ಎಲ್ಲರಿಗೂ ಕೇಳುವಂತೆಯೇ, ನನ್ನ ಬಗ್ಗೆ ಏನಂದಳು ಎಂದು ಕೇಳಿದೆ.

ಸೆಲ್ವರಾಜು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡ. "ಒಳಗೆ ಓದ್ರು ಅಂದಿದ್ದು ಬಿಟ್ರೆ ನಿಮ್ ವಿಷ್ಯ ಬರ್ಲೇ ಇಲ್ಲ ಸಾರ್" ಎಂದ.