ಎಂ.ಕಾಂ. ಮತ್ತು ಬೆತ್ತದ ಕುರ್ಚಿ

ಎಫಿ... ಎಫಿಶ್... ಆ ಪದ ನನ್ನ ನಾಲಿಗೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. "ಎಫಿಶಿಯೆನ್ಸಿ, ಅಜ್ಜಿ" ಎಂದು ಮೊಮ್ಮಗಳು ಒಳಗಿನಿಂದ ಕೂಗುತ್ತಾಳೆ. ಧಾರವಾಡದ ಈ ಮನೆಯಲ್ಲಿ ಕೂತು ಅವಳು ಎಂ.ಬಿ.ಎ. ಓದುತ್ತಿದ್ದಾಳೆ. ದೊಡ್ಡ ಡಿಗ್ರಿಯವರು ಹತ್ತಿರ ಬಂದರೆ ಸಾಕು, ನನ್ನ ಹೊಟ್ಟೆ ಉರಿಯುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಅರವತ್ತರ ದಶಕದಲ್ಲಿ, ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಅದು ಶುರುವಾದದ್ದು.

೧

ಬೀಜದ ಸಿಪ್ಪೆ ತೆಗೆಯುವ ಹೆಂಗಸರಿಗೆ ನಾನು ಮೇಲ್ವಿಚಾರಕಿ. ಹಳೆಯ ಮ್ಯಾನೇಜರು ಕೆಲಸ ಬಿಟ್ಟಾಗ ಅವರ ಬೆತ್ತದ ಕುರ್ಚಿ ನನಗೇ ಎಂದುಕೊಂಡಿದ್ದೆ. ಧಣಿಗಳು ಬೊಂಬಾಯಿಯಲ್ಲಿ ಓದಿದ ಉಡುಪಿಯ ಯುವಕನೊಬ್ಬನನ್ನು ಕರೆತಂದರು.

"ನೋಡಮ್ಮ, ಇವರು ಎಂ.ಕಾಂ. ಮಾಡಿದವರು."

"ಅದು ಮಾಡಿದರೆ ಎಂತ ಆಗ್ತದೆ ಧಣಿ?"

"ಮ್ಯಾನೇಜರ್ ಆಗ್ತದೆ."

೨

ಉಚ್ಚಿಲದಿಂದ ಬರುವ ಮೀನಿನವಳು ಮೊದಲು ನನ್ನ ಎದುರೇ ಬುಟ್ಟಿ ಇಳಿಸುತ್ತಿದ್ದಳು. ಈಗ ನೇರ ಎಂ.ಕಾಂ.ನವರ ಬಾಗಿಲಿಗೆ. ದುಬಾರಿ ಅಂಜಲ್ ಮೀನಿನ ದಪ್ಪ ತುಂಡೆಲ್ಲ ಅವರಿಗೆ.

"ಎಂತ ಮಾರಾಯ್ತಿ, ನಾನು ಕಣ್ಣಿಗೆ ಕಾಣುವುದಿಲ್ಲವಾ?"

"ಅವರು ಅಷ್ಟು ಓದಿದವರು ಅಕ್ಕ, ತಲೆಗೆ ಒಳ್ಳೆಯ ಮೀನು ಬೇಕಲ್ವಾ?"

"ನನ್ನ ತಲೆಗೆ?"

"ನಿಮ್ಮ ತಲೆಗೆ ಈ ಸಣ್ಣ ಮೀನು ಬೂತಾಯಿ ಧಾರಾಳ ಸಾಕು."

ಇನ್ನೊಂದು ಸಂಗತಿ. ಆ ಮನುಷ್ಯ ಕುರ್ಚಿಯಲ್ಲಿ ಕೂರುತ್ತಲೇ ಇರಲಿಲ್ಲ. ದಿನವಿಡೀ ಶೆಡ್ಡಿನಲ್ಲಿ ಓಡಾಟ. ಸಹಿ ಹಾಕುವುದೂ ನಿಂತೇ. "ಎಂ.ಕಾಂ. ಅಂದರೆ ಅದು!" ಎಂದು ಧಣಿಗಳು ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ಎಂಟು ವರ್ಷದಿಂದ ನಿಂತೇ ಇದ್ದೆ. ನನ್ನನ್ನು ಯಾರಿಗೂ ತೋರಿಸಲಿಲ್ಲ.

೩

ಒಂದು ದಿನ ಅವರು ಆ ಎಫಿಶ್... ಎಂಬ ಪದವನ್ನೇ ಹೇಳಿ, "ಕೆಲಸದ ಹೊತ್ತಿನಲ್ಲಿ ಮಾತಾಡಬಾರದು" ಎಂಬ ಬೋರ್ಡು ತೂಗಿಸಿದರು. ಶೆಡ್ಡು ಇಗರ್ಜಿಯಷ್ಟು ನಿಶ್ಶಬ್ದ. ಆದರೆ ವಾರದೊಳಗೆ ಬೀಜ ಕಡಿಮೆಯಾಗತೊಡಗಿತು. ಇಲಿ ಇರಬೇಕೆಂದು ಅವರು ಬೋನು ಇಡಿಸಿದರು. ಒಂದು ಇಲಿಯೂ ಬೀಳಲಿಲ್ಲ. ನಾನು ಸುಮ್ಮನೆ ನೋಡಿದೆ. ನೋಡಲಿಕ್ಕೆ ಬಹಳ ಸುಖವಾಗಿತ್ತು.

ಕೊನೆಗೆ ಧಣಿಗಳೇ ನನ್ನನ್ನು ಕೇಳಿದರು. "ಹೆಂಗಸರು ಮಾತಾಡುತ್ತಿದ್ದರೆ ಬಾಯಿಗೆ ಬೀಜ ಹೋಗುವುದಿಲ್ಲ ಧಣಿ. ಬಾಯಿ ಖಾಲಿ ಇಟ್ಟದ್ದು ಈ ಬೋರ್ಡು" ಎಂದೆ.

ಮರುದಿನ ಬೋರ್ಡು ಇಳಿಯಿತು. ಎಲ್ಲರೂ ಮಾತಾಡಲೇಬೇಕೆಂದು ಎಂ.ಕಾಂ.ನವರೇ ಬಂದು ಹೇಳಿದರು. ಬಜಗೋಳಿಯ ಮುದುಕಿಯೊಬ್ಬಳು ಎದ್ದು ನಿಂತು ಕೇಳಿದಳು, "ಅದಕ್ಕೆ ಸಂಬಳ ಬೇರೆ ಉಂಟಾ?"

೪

ಹಾಗಾದರೂ ಸೋತದ್ದು ಅವರಲ್ಲ. ಆರು ತಿಂಗಳಲ್ಲಿ ಅದೇ ಡಿಗ್ರಿ ತೋರಿಸಿ ಮಣಿಪಾಲದಲ್ಲಿ ಇನ್ನೂ ದೊಡ್ಡ ಕೆಲಸ ಹಿಡಿದರು. ಹೊರಡುವಾಗ ಧಣಿಗಳ ಎದುರಿಗೆ, "ಈ ಜಾಗಕ್ಕೆ ಅಕ್ಕನೇ ಸರಿ" ಎಂದರು. ನನ್ನ ಹತ್ತಿರ ಬಂದು ಮೆಲ್ಲಗೆ, "ಅಲ್ಲಿ ಕುರ್ಚಿ ಕಬ್ಬಿಣದ್ದು" ಎಂದು ಖುಷಿಯಿಂದ ಹೇಳಿದರು. ಬೆತ್ತದ ಕುರ್ಚಿ ಬಿಟ್ಟು ಕಬ್ಬಿಣಕ್ಕೆ ಹೋಗುವ ಪೆದ್ದ ಎಂದುಕೊಂಡೆ.

ಮರುದಿನ ಹೊಸ ಸೀರೆ ಉಟ್ಟು ಬಂದೆ. ಎಲ್ಲ ಹೆಂಗಸರೂ ನೋಡುತ್ತಿರುವಾಗ ಕುರ್ಚಿಯಲ್ಲಿ ಕೂತೆ.

ಐದೇ ನಿಮಿಷ. ಹಾರಿ ಎದ್ದೆ. ಬೆತ್ತದ ಸಂದುಸಂದಿನಲ್ಲೂ ತಿಗಣೆ!

ಶೆಡ್ಡಿನಲ್ಲಿ ಓಡಾಡತೊಡಗಿದೆ. ಹಿಂದಿನಿಂದ ಧಣಿಗಳು ಯಾರಿಗೋ ಹೇಳುತ್ತಿದ್ದರು: "ನೋಡಿ, ಈಯಮ್ಮ ಎಂ.ಕಾಂ. ಮಾಡದಿದ್ದರೂ ಕೂರುವುದೇ ಇಲ್ಲ!"

ಕಥೆ ಕೇಳಿದ ಮೊಮ್ಮಗಳು ನಕ್ಕು ನಕ್ಕು, "ತಿಗಣೆಯ ವಿಷಯ ನಮ್ಮ ಸಿಲಬಸ್ಸಿನಲ್ಲಿ ಇಲ್ಲ ಅಜ್ಜಿ" ಎಂದಳು.

"ಇಲ್ಲವಾ? ಹಾಗಾದರೆ ಪೆನ್ನು ತೆಗೆದು ಬರೆದುಕೋ. ಕುರ್ಚಿ ಸಿಕ್ಕಿದರೆ ಮೊದಲು ಕುದಿಯುವ ನೀರು ಹೊಯ್ಯಬೇಕು. ಕೂರುವುದು ಆಮೇಲೆ."