ಲೈಟು ದೂರ ನಿಲ್ಲಿಸಿದವನ ಪಾಡು

ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಸುತ್ತಲ ತಾಲ್ಲೂಕುಗಳ ಮದುವೆ ತೆಗೆಯುವವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ನನಗೆ ಅದು ಹೆಚ್ಚಾಗಿ ಬಂದದ್ದು ಫ್ಲ್ಯಾಶಿನ ಕಡೆಯಿಂದ.

ಕ್ಯಾಮೆರಾ ನೆತ್ತಿಯಿಂದಲೇ ಫ್ಲ್ಯಾಶ್ ಹೊಡೆದರೆ ಮದುಮಗಳ ಮುಖ ಸುಣ್ಣ ಬಳಿದ ಗೋಡೆಯಾಗುತ್ತದೆ. ಅದಕ್ಕೆ ನಾನು ಫ್ಲ್ಯಾಶನ್ನು ಬಿಡಿಸಿ, ಸ್ಟ್ಯಾಂಡಿಗೆ ಹಾಕಿ, ಓರೆಯಾಗಿ ದೂರ ನಿಲ್ಲಿಸುತ್ತೇನೆ. ಕ್ಯಾಮೆರಾ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಫ್ಲ್ಯಾಶಿನ ಬುಡಕ್ಕೆ ಇನ್ನೊಂದು. ಎರಡೂ ಒಂದೇ ಚಾನೆಲ್ಲಿನಲ್ಲಿದ್ದರೆ ನಾನು ಇಲ್ಲಿ ಒತ್ತಿದಾಗ ಅದು ಅಲ್ಲಿ ಮಿಂಚುತ್ತದೆ, ನಡುವೆ ವೈರು ಇಲ್ಲ. ನಮ್ಮ ಕಡೆ ಇದನ್ನು ಮೊದಲು ಮಾಡಿದವನು ನಾನೇ. ಯಾರೂ ಕೇಳಲಿಲ್ಲ, ನಾನೇ ಹೇಳಿಕೊಳ್ಳುತ್ತಿದ್ದೇನೆ.

ಇದೆಲ್ಲ ಈಗ ನೆನಪಾದದ್ದು ಮಗಳ ಮದುವೆಯಿಂದ. ಊರವರ ಮಕ್ಕಳನ್ನೆಲ್ಲ ಅವರಪ್ಪಂದಿರ ಪಕ್ಕ ನಿಲ್ಲಿಸಿ ತೆಗೆದವನಿಗೆ ಸ್ವಂತ ಮಗಳ ಜೊತೆ ನೆಟ್ಟಗಿನ ಒಂದು ಫೋಟೋ ಇಲ್ಲ. ಮದುವೆ ಗೊತ್ತಾದ ದಿನವೇ ಅವಳು, "ಅಪ್ಪ, ಧಾರೆ ಫೋಟೋದಲ್ಲಿ ನೀನಿರ್ಬೇಕು. ಅವತ್ತು ಕ್ಯಾಮೆರಾ ಮುಟ್ಟಂಗಿಲ್ಲ" ಅಂದಿದ್ದಳು. ನನಗೂ ಬೇಕಿದ್ದದ್ದು ಅದೊಂದೇ. ಅದೇನಾಯಿತು ಅನ್ನುವುದಕ್ಕೆ ಮೊದಲು, ಬೇರೆಯವರ ಮದುವೆಗಳಲ್ಲಿ ಪಟ್ಟದ್ದನ್ನು ಹೇಳಿಬಿಡುತ್ತೇನೆ.

ಗಂಡಿನ ಕಡೆಯ ಚಾನೆಲ್

ಕೆ.ಆರ್. ನಗರದ ಒಂದು ಛತ್ರ. ಹೆಣ್ಣಿನ ಕಡೆಯವರು ನನ್ನನ್ನು ಕರೆದಿದ್ದರು, ಗಂಡಿನ ಕಡೆಯವರು ತಮ್ಮದೇ ಫೋಟೋಗ್ರಾಫರನನ್ನು ಕರೆತಂದಿದ್ದರು. ನಮ್ಮಲ್ಲಿ ಹಾಗೇ, ಎರಡು ಮನೆ ಒಂದಾಗುವುದನ್ನು ಎರಡು ಕ್ಯಾಮೆರಾ ಬೇರೆ ಬೇರೆ ನೋಡಬೇಕು. ಆತನ ಡಬ್ಬಿಯೂ ನನ್ನ ಚಾನೆಲ್ಲಿನಲ್ಲೇ ಇತ್ತು. ಆತ ಒತ್ತಿದರೆ ನನ್ನ ಲೈಟು ಮಿಂಚುತ್ತಿತ್ತು, ನಾನು ಒತ್ತುವ ಹೊತ್ತಿಗೆ ಸುಸ್ತಾಗಿ ಕೂತಿರುತ್ತಿತ್ತು.

"ಚಾನೆಲ್ ಬದಲಾಯಿಸ್ಕೊಳಪ್ಪ" ಅಂದೆ.

"ನಾನ್ಯಾಕೆ ಬದಲಾಯಿಸ್ಲಿ? ನಾನು ಗಂಡಿನ ಕಡೆಯೋನು" ಅಂದ.

ಜಗಳ ಯಾಕೆಂದು ನಾನೇ ಬದಲಾಯಿಸಿಕೊಂಡೆ. ತಕ್ಷಣ ಆತನ ಫೋಟೋಗಳು ಕಪ್ಪಾದವು. ಆತನ ಸ್ವಂತ ಲೈಟು ಸೆಲ್ ಮುಗಿದು ಮೂಲೆಯಲ್ಲಿ ಯಾವಾಗಲೋ ಸತ್ತಿತ್ತು, ಅಲ್ಲಿಯವರೆಗೆ ಬಂದದ್ದೆಲ್ಲ ನನ್ನ ಬೆಳಕೇ. ಸ್ವಲ್ಪ ಹೊತ್ತಿಗೆ ಗಂಡಿನ ದೊಡ್ಡಪ್ಪ ಹೆಣ್ಣಿನ ತಂದೆಯ ಎದುರು ಬಂದು ನಿಂತ. "ನಿಮ್ಮ ಫೋಟೋದೋನು ನಮ್ ಕಡೆಗೆ ಬೆಳಕು ಬರ್ದಂಗೆ ಮಾಡವ್ನಂತೆ."

ಹೆಣ್ಣಿನ ತಂದೆ ಬೆವತುಹೋದರು. ನನ್ನನ್ನು ಕಂಬದ ಮರೆಗೆ ಕರೆದು ಕೈ ಹಿಡಿದುಕೊಂಡರು. "ಹೆಣ್ಣು ಕೊಡೋರು ಕಣಪ್ಪ ನಾವು. ಅವ್ರು ಕೇಳಿದ್ದು ಚಾನೆಲ್ ತಾನೆ, ಕೊಟ್ಬುಡು. ಕಾರು ಕೇಳ್ಲಿಲ್ವಲ್ಲ."

ಕೊಟ್ಟೆ. ನನ್ನ ಲೈಟು ಮತ್ತೆ ಆತನಿಗೇ ಮಿಂಚತೊಡಗಿತು. ಆಮೇಲೆ ಎರಡೂ ಆಲ್ಬಂ ನೋಡಿದ ಹೆಣ್ಣಿನ ತಂದೆಯೇ ನನಗೆ ಬುದ್ಧಿ ಹೇಳಿದರು: "ಆ ಉಡುಗ ಬೆಳಕು ಎಂಗೆ ಮಾಡವ್ನೆ ನೋಡು. ಕಲ್ತ್ಕೊ."

ಸಮಪಾಲು

ಕಟ್ಟೆಮಳಲವಾಡಿಯಲ್ಲಿ ಒಂದು ಮನೆತನದ ಗುಂಪು ಫೋಟೋ. ಅಣ್ಣತಮ್ಮಂದಿರಿಬ್ಬರು ಗದ್ದೆ ಪಾಲು ಮಾಡಿಕೊಂಡು ಮಾತು ಬಿಟ್ಟಿದ್ದರು, ತಾಯಿಯ ಆಸೆಗೆ ಜೊತೆಯಲ್ಲಿ ನಿಲ್ಲಲು ಒಪ್ಪಿದ್ದರು. ಅಣ್ಣ ನಿಂತ ಮಗ್ಗುಲಿಗೆ ನಾನು ಲೈಟು ನಿಲ್ಲಿಸಿದೆ.

ಒಂದು ಫೋಟೋ ಆದ ಕೂಡಲೇ ತಮ್ಮ ಬಂದು ಕ್ಯಾಮೆರಾದಲ್ಲಿ ನೋಡಿದ. "ಅವನ ಮುಖ ಪೂರ್ತಿ ಐತೆ, ನಂದು ಅರ್ಧ ಕತ್ಲು. ನೀರಿನ ಮಗ್ಗುಲು ಅವನಿಗೋಯ್ತು, ಈಗ ಬೆಳಕೂ ಅವನಿಗೇನಾ?"

ನೆರಳಿದ್ದರೇನೇ ಮುಖಕ್ಕೆ ಉಬ್ಬುತಗ್ಗು ಬರುವುದು ಎಂದು ವಿವರಿಸಿದೆ.

"ಉಬ್ಬುತಗ್ಗು ಅವನಿಗೇ ಕೊಡಿ. ನಂಗೆ ಸಮ ಬೇಕು" ಅಂದ.

ಲೈಟನ್ನು ಇತ್ತ ತಂದರೆ ಅಣ್ಣ ಒಲ್ಲ. ಕೊನೆಗೆ ಎರಡು ಮಗ್ಗುಲಿಗೂ ಒಂದೊಂದು ಲೈಟು ಇಟ್ಟು, ಎರಡನ್ನೂ ಒಂದೇ ಜೋರಿಗೆ ತಂದು, ಊರ ಹಿರಿಯರೊಬ್ಬರು ಹೆಜ್ಜೆ ಹಾಕಿ ದೂರ ಅಳೆದು ಒಪ್ಪಿಗೆ ಕೊಟ್ಟ ಮೇಲೆ ಕ್ಲಿಕ್ಕಿಸಿದೆ. ಮುಖಗಳು ರೊಟ್ಟಿಯಂತೆ ಚಪ್ಪಟೆಯಾಗಿ ಬಂದವು. ತಾಯಿ ನೋಡಿ, "ನನ್ ಮಕ್ಳು ಇಷ್ಟು ಕೆಟ್ಟದಾಗವ್ರಾ?" ಎಂದು ಕಣ್ಣೊರೆಸಿಕೊಂಡರು. ಮಕ್ಕಳಿಬ್ಬರೂ ಮಾತು ಬಿಟ್ಟ ಮೇಲೆ ಮೊದಲ ಸಲ ಒಂದೇ ಮಾತಾಡಿದರು: "ಇವನಿಗೆ ಕೆಲ್ಸ ಬರಲ್ಲ ಬುಡವ್ವ."

ಮಿಂಚಿದರೆ ಮುಗಿಯಿತು

ಎಚ್.ಡಿ. ಕೋಟೆಯ ಆಚೆ, ಕಾಕನಕೋಟೆ ಕಾಡಿನ ಅಂಚಿನ ಊರಿನಲ್ಲಿ ಆರತಕ್ಷತೆ. ಫ್ಲ್ಯಾಶಿನ ಬುಡದ ಡಬ್ಬಿ ಕೈಕೊಟ್ಟಿತು. ಫ್ಲ್ಯಾಶಿನಲ್ಲಿ ಇನ್ನೊಂದು ಉಪಾಯವಿದೆ: ಪಕ್ಕದಲ್ಲಿ ಬೇರೆ ಫ್ಲ್ಯಾಶ್ ಮಿಂಚಿದ್ದನ್ನು ಕಂಡು ತಾನೂ ಮಿಂಚುವುದು. ನನ್ನ ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಕಂಡು ಮಿಂಚಲೆಂದು ಅದನ್ನೇ ಹಾಕಿದೆ. ಅದು ಯಾರ ಫ್ಲ್ಯಾಶಿಗಾದರೂ ಮಿಂಚುತ್ತದೆ, ಅದಕ್ಕೆ ಯಜಮಾನನ ಗುರುತಿಲ್ಲ.

ಮದುಮಗನ ಸೋದರತ್ತೆಯ ಕೈಯಲ್ಲಿ ಒಂದು ಹಳೆಯ ಪುಟ್ಟ ಕ್ಯಾಮೆರಾ ಇತ್ತು. ಆಕೆ ವೇದಿಕೆಯ ಕೆಳಗೆ ಕೂತು ಮೊಮ್ಮಗುವಿನ ಫೋಟೋ ತೆಗೆದಾಗೆಲ್ಲ ಮೇಲೆ ನನ್ನ ಲೈಟು ಮಿಂಚುತ್ತಿತ್ತು. ನಮ್ಮ ಜನಕ್ಕೆ ಲೈಟು ಮಿಂಚಿತೆಂದರೆ ಫೋಟೋ ಆಯಿತು. ಉಡುಗೊರೆ ಕೊಟ್ಟು, ಮುಖ ಬಿಗಿದು ನಿಂತು, ಮಿಂಚಿದ ಕೂಡಲೇ ಊಟಕ್ಕೆ ಇಳಿದುಬಿಡುತ್ತಿದ್ದರು. ನನ್ನ ಪಾಲಿಗೆ ಬರೀ ಬೆನ್ನುಗಳು. "ನಿಂತ್ಕೊಳ್ರೀ, ಇನ್ನೂ ಆಗಿಲ್ಲ" ಅಂದರೆ, "ಆಯ್ತಲ್ಲಪ್ಪ, ಕಣ್ಗೇ ಒಡೀತು" ಅನ್ನುತ್ತ ಮೆಟ್ಟಿಲಿಳಿದರು.

ಆಲ್ಬಂ ಕೊಟ್ಟಾಗ ಮನೆಯ ಯಜಮಾನ ಹಾಳೆ ತಿರುವಿ ತಿರುವಿ ನೋಡಿದ. "ನಮ್ ಭಾವ ಎಲ್ಲಿ?"

"ಅವರ ಫೋಟೋ ಬಂದಿಲ್ಲ."

"ಬಂದಿಲ್ಲ ಅಂದ್ರೆ? ಲೈಟು ಬಿದ್ದಿದ್ದ ನಾನೇ ಕಂಡಿವ್ನಿ. ತೆಗ್ದು ಎಲ್ಲಿಟ್ಟಿದ್ದೀಯ, ಕೊಡು. ಅವ್ರ್ ಫೋಟೋ ಇಟ್ಕೊಂಡು ನೀನೇನ್ ಮಾಡ್ತೀಯ, ಅವ್ರೇನು ನಿನ್ ಭಾವನಾ?"

ಮಗಳ ಧಾರೆ

ಅಳಿಯ ಪಿರಿಯಾಪಟ್ಟಣದವನು. ಫೋಟೋಗ್ರಾಫರ್ ಅವರ ಕಡೆಯವನೇ ಇರಲಿ ಅಂದೆ, ಲೈಟು ಮಾತ್ರ ನನ್ನದೇ ಕೊಟ್ಟೆ. ಬೆಳಿಗ್ಗೆಯೇ ಎಲ್ಲ ಹೊಂದಿಸಿ, ಪಂಚೆ ಉಟ್ಟು, ಪೇಟ ಇಟ್ಟುಕೊಂಡು ಮಂಟಪ ಏರಿದೆ. ಮಗಳು ನನ್ನ ಬರಿಗೈ ನೋಡಿ ನಕ್ಕಳು. 

ಮುಂದಿನ ಸಾಲಿನಲ್ಲಿ ಅಳಿಯನ ತಾತ ಕೂತಿದ್ದರು, ಕಣ್ಣಿನ ಆಪರೇಷನ್ ಆಗಿತ್ತು. ಅವರಿಗೆ ಬೆಳಕು ಚುಚ್ಚಬಾರದೆಂದು ಯಾರೋ ಪುಣ್ಯಾತ್ಮರು ನನ್ನ ಲೈಟನ್ನು ಗೋಡೆಯ ಕಡೆ ತಿರುಗಿಸಿದ್ದರು. ಹುಡುಗ ಹುಡುಗಿ ತೆಂಗಿನಕಾಯಿ ಹಿಡಿದರು, ಪುರೋಹಿತರು ಹಾಲಿನ ತಂಬಿಗೆಯನ್ನು ನನಗೂ ನನ್ನ ಹೆಂಡತಿಗೂ ಕೊಟ್ಟರು. ಫೋಟೋಗ್ರಾಫರ್ ಒಂದು ಕ್ಲಿಕ್ಕಿಸಿ ನೋಡಿದ. ಗೋಡೆ ಝಗ್ಗೆಂದಿತು, ಮಗಳ ಮುಖ ಕತ್ತಲಲ್ಲೇ ಇತ್ತು. "ಲೈಟು ತಿರುಗಿಸ್ರೀ" ಅಂದೆ. ವಾಲಗದಲ್ಲಿ ಯಾರಿಗೂ ಕೇಳಲಿಲ್ಲ. ಆತ ಮತ್ತೆ ಕ್ಲಿಕ್ಕಿಸಿದ, ಮತ್ತೆ ಗೋಡೆ.

ಮಗಳ ಧಾರೆ ಕತ್ತಲಲ್ಲಿ ಹೋಗುವುದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ. ತಂಬಿಗೆಯನ್ನು ಪಕ್ಕದಲ್ಲಿದ್ದ ಭಾವಮೈದನಿಗೆ ಹಿಡಿಸಿ, "ಬಂದೆ" ಎಂದು ಇಳಿದು ಓಡಿದೆ. ನಾನು ಸ್ಟ್ಯಾಂಡ್ ತಿರುಗಿಸುವುದಕ್ಕೂ, ಪುರೋಹಿತರು "ಮುಹೂರ್ತ ಮೀರುತ್ತೆ, ಎರೀರಿ" ಅನ್ನುವುದಕ್ಕೂ ಸರಿಹೋಯಿತು. ಹೆಂಡತಿಯೂ ಭಾವಮೈದನೂ ಹಾಲೆರೆದರು. ಲೈಟು ಮಿಂಚಿತು. ನಾನು ಮರಳಿ ಹತ್ತಿ ಧಾರೆ ಎರೆಯುವಾಗ ಫೋಟೋಗ್ರಾಫರ್ ಬ್ಯಾಟರಿ ಬದಲಾಯಿಸುತ್ತಿದ್ದ.

ನಾನು ಕಂಡ ಧಾರೆ ಫೋಟೋಗಳಲ್ಲೆಲ್ಲ ಆ ಮಿಂಚಿನಲ್ಲಿ ಬಂದದ್ದೇ ಚೆನ್ನ. ಹಾಲಿನ ಎಳೆ ಕಾಣುತ್ತದೆ, ಮಗಳ ಕೆನ್ನೆಯ ಮೇಲಿನ ನೀರು ಕಾಣುತ್ತದೆ. ನಾನಿಲ್ಲ. "ಒಂದೇ ಒಂದು ಕೆಲ್ಸ ಹೇಳಿದ್ನಲ್ಲಪ್ಪ" ಎಂದು ಮಗಳು ಫೋನಿನಲ್ಲಿ ಅತ್ತಳು. ನನಗೂ ಅಳು ಬಂತು, ಫೋನಿಟ್ಟೆ.

ಕೆಲವು ದಿನ ಬಿಟ್ಟು ಅವಳನ್ನು ನೋಡಲು ಬೀಗರ ಮನೆಗೆ ಹೋದೆ. ನಡುಮನೆಯ ಗೋಡೆಯ ತುಂಬ ಅದೇ ಫೋಟೋ. ಅದರ ಕೆಳಗೆ ಕುರ್ಚಿಯಲ್ಲಿ ಅಳಿಯನ ಅಜ್ಜಿ.

"ಯಾರಪ್ಪ ನೀನು?"

"ಹುಡುಗಿ ತಂದೆ, ಅಜ್ಜಿ."

ಅಜ್ಜಿ ಗೋಡೆ ನೋಡಿದರು, ನನ್ನನ್ನು ನೋಡಿದರು, ಫೋಟೋದಲ್ಲಿದ್ದ ಭಾವಮೈದನ ಕಡೆ ಕೈ ತೋರಿಸಿದರು. "ಉಡ್ಗಿ ಅಪ್ಪ ಅಗೋ, ಅಲ್ಲಿ ಅವ್ರೆ. ಸುಳ್ ಯಾಕ್ ಏಳ್ತೀಯ? ಧಾರೆ ಒತ್ನಲ್ಲಿ ಲೈಟು ತಿರುಗ್ಸಕ್ಕೆ ಓಡ್ಬಂದೋನಲ್ವಾ ನೀನು?"

ಹೌದು ಅಂದೆ. ಅದು ಸುಳ್ಳಲ್ಲವಲ್ಲ.

ಅಜ್ಜಿಗೆ ಸಮಾಧಾನವಾಯಿತು. ಅಡುಗೆಮನೆಯಲ್ಲಿದ್ದ ನನ್ನ ಮಗಳಿಗೆ ಕೂಗಿ ಹೇಳಿದರು: "ಅಮ್ಮಿ, ನಿಮ್ಮಪ್ಪ ಕಳಿಸವ್ರೇನೋ, ಲೈಟಿನೋನು ಬಂದವ್ನೆ. ಒಂದ್ ಲೋಟ ಕಾಪಿ ಕೊಟ್ಟು ಕಳ್ಸು."