ಮಹಾರುದ್ರಪ್ಪನ ಟೈಮಿಂಗ್ ಚೈನ್ ದಂಡಯಾತ್ರೆ

ಕೇಳಿರಯ್ಯಾ, ಕಿವಿಯಿದ್ದವರೆಲ್ಲ ಕೇಳಿರಿ! ಅಂಗೈಗೊಂದು ಮೊಬೈಲು ಬೆಳಗುತ್ತಿದ್ದ, ಗುರುವಿನ ಹಂಗಿಲ್ಲದೆ ಸಕಲ ವಿದ್ಯೆಗಳೂ ಊಟದ ಬಿಡುವಿನಲ್ಲಿ ಕೈವಶವಾಗುತ್ತಿದ್ದ ಧನ್ಯಯುಗದಲ್ಲಿ, ಬೀಜವ್ಯಾಪಾರಪ್ರಸಿದ್ಧವಾದ ರಾಣೆಬೆನ್ನೂರು ಪಟ್ಟಣದಲ್ಲಿ, ಸದಾ ಕೈಯಲ್ಲಿ ಸ್ಪ್ಯಾನರ್ ಹಿಡಿದ ಪಾನಾಪಾಣಿಯೂ ಪರಬುದ್ಧಿನಿರಾಕರಣಧುರಂಧರನೂ ನೆರೆಮನೆಯಿಂದ ತಂದ ಸ್ಕ್ರೂಡ್ರೈವರನ್ನು ಎಂದೂ ಹಿಂದಿರುಗಿಸದ ದೃಢವ್ರತನೂ ಆದ ಮಹಾರುದ್ರಪ್ಪನೆಂಬ ವೀರನಿದ್ದನು. ಆತನದೊಂದು ಬೀಜದಂಗಡಿ, ಆತನದೊಂದು ಹಳೆಯ ಕಾರು.

ಬಹುಹಸ್ತಭುಕ್ತವೂ ವಿವರ್ಣವೂ ಆದ ಆ ರಥವು ಮುಂಭಾಗದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ, ಕುದುರೆಲಾಳಗಳ ದೃಷ್ಟಿನಿವಾರಕ ಹಾರವನ್ನು ಧರಿಸಿ ಓಣಿಯಲ್ಲಿ ಶೋಭಿಸುತ್ತಿತ್ತು. ಕಳೆದ ಅಮಾವಾಸ್ಯೆಯಿಂದ ಮಾತ್ರ ಅದಕ್ಕೊಂದು ವ್ಯಾಧಿ. ಎಂಜಿನ್ನು ಚಾಲೂ ಆದೊಡನೆ ಮುಂದಿನಿಂದ ಕಟಕಟ ಸದ್ದು. ಒಂದೇ ಒಂದು ವಿಡಿಯೊ ನೋಡಿದ ನಮ್ಮ ವೀರನು ರೋಗವನ್ನು ಘೋಷಿಸಿಬಿಟ್ಟನು: ಎಂಜಿನ್ನಿನ ಮೇಲಿನ ಚಕ್ರವನ್ನೂ ಕೆಳಗಿನ ಚಕ್ರವನ್ನೂ ಒಂದೇ ತಾಳದಲ್ಲಿ ತಿರುಗಿಸುವ ಸರಪಳಿ, ಅಂದರೆ ಟೈಮಿಂಗ್ ಚೈನು, ಸಡಿಲಾಗಿದೆ. ಹೊಸದನ್ನು ತಂದೂಬಿಟ್ಟನು.

ಅದನ್ನು ಹಾಕಲು ಆತ ಆರಿಸಿಕೊಂಡ ದಿನವನ್ನು ನೋಡಿ. ಮರುದಿನ ಮುಂಜಾನೆ ಹಿರೇಕೆರೂರಿನಲ್ಲಿ ಹೆಂಡತಿ ನೀಲಮ್ಮನ ಅಣ್ಣನ ಮನೆಯ ಗೃಹಪ್ರವೇಶ. ದೀಪಾವಳಿಗೆ ತವರಿಗೆ ಹೋದಾಗ ಅತ್ತಿಗೆ ಕಸ್ತೂರಿ ತುಂಬಿದ ಪಡಸಾಲೆಯಲ್ಲಿ “ಈ ಸಲಾನೂ ಬಸ್ಸಿಗೇ ಬಂದ್ರ್ಯಾ?” ಎಂದು ಕೇಳಿದ್ದಳು. ಆ ಮಾತು ನೀಲಮ್ಮನ ಎದೆಯಲ್ಲಿ ಇನ್ನೂ ಮುಳ್ಳಾಗಿ ಚುಚ್ಚುತ್ತಿತ್ತು. ಹಾಲು ಉಕ್ಕಿಸುವ ಹೊತ್ತಿಗೆ ಕಾರಿನಲ್ಲಿ ಬಂದು ಇಳಿಯುತ್ತೇವೆಂದು ಫೋನಿನಲ್ಲಿ ಮಾತು ಕೊಟ್ಟು, ಶೇಂಗಾ ಹೋಳಿಗೆಯ ಬುತ್ತಿಗೆ ಸಿದ್ಧತೆ ಮಾಡುತ್ತಿದ್ದಳು.

“ಗ್ಯಾರೇಜಿನ್ಯಾಗ ಒಂದ್ ಸಲ ತೋರಸ್ರಿ. ಇಲ್ಲಾಂದ್ರ ಹಂಗ ಕಟಕಟ ಅನ್ಕೋತ ಹೋಗೋಣು. ಹೋಗಿ ಬಂದ ಮ್ಯಾಲೆ ಬಿಚ್ಚೀರಂತ” ಎಂದಳು ನೀಲಮ್ಮ.

ಆಗ ಮಹಾರುದ್ರಪ್ಪನು ಸಿಂಹನಾದಗೈದನು: “ಎಲೆ ಮಾನಿನಿ! ಕೂಲಿಗೆ ಪಾನಾ ಹಿಡಿಯುವವರ ಮುಂದೆ ನನ್ನ ರಥವು ಬಾನೆಟ್ಟು ತೆರೆಯುವುದೇ? ದಿನಮಣಿಯು ಮುಳುಗುವುದರೊಳಗೆ ಹೊಸ ಸರಪಳಿಯನ್ನು ತೊಡಿಸದಿದ್ದರೆ ಈ ಮೀಸೆಯನ್ನು ನಾನೇ ಬೋಳಿಸಿಕೊಳ್ಳುವೆನು!” ಇದು ಕಾವ್ಯದ ಮರ್ಯಾದೆಗಾಗಿ ನಾನು ಕಟ್ಟಿದ ಮಾತು. ಆತ ನಿಜಕ್ಕೂ ಅಂದದ್ದು, “ನಿನಗೇನ್ ತಿಳೀತೈತಿ? ಸುಮ್ನ ಒಳಗ ಹೋಗು” ಎಂದಷ್ಟೆ.

ಯುದ್ಧವು ಮಧ್ಯಾಹ್ನ ಆರಂಭವಾಯಿತು. ಬೋಲ್ಟುಗಳು ಉದುರಿದವು, ಕೆಲವು ಗಟಾರವನ್ನು ಸೇರಿ ವೀರಸ್ವರ್ಗವನ್ನು ಪಡೆದವು. ಕಪ್ಪು ಎಣ್ಣೆ ನೀಲಮ್ಮ ಸಾರಿಸಿ ಹಾಕಿದ್ದ ರಂಗೋಲಿಯನ್ನು ನುಂಗಿತು. “ಚಕ್ರಗಳ ಮೇಲೆ ಕಾರ್ಖಾನೆಯವರೇ ಗುರುತು ಕೊರೆದಿರುತ್ತಾರೆ, ಮೊದಲು ಅದನ್ನು ಹುಡುಕಿ” ಎಂದು ವಿಡಿಯೊದವನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ವೀರನ ಹೆಬ್ಬೆರಳು ಅವನನ್ನು ಮುಂದಕ್ಕೆ ಓಡಿಸಿತ್ತು. ಇಂಥ ಮಹಾಪುರುಷನಿಗೆ ಅನ್ಯರ ಗುರುತೇಕೆ? ದೇವರ ಮನೆಯಿಂದ ಕುಂಕುಮ ತಂದು ಎಣ್ಣೆಯಲ್ಲಿ ಕಲಸಿ, ಒಂದೊಂದು ಚಕ್ರದ ಒಂದೊಂದೇ ಹಲ್ಲಿಗೆ ಬೊಟ್ಟಿಟ್ಟು, ಅದರ ಎದುರಿಗೆ ಎಂಜಿನ್ನಿಗೂ ಒಂದು ಬೊಟ್ಟಿಟ್ಟನು. ಬೊಟ್ಟಿಗೆ ಬೊಟ್ಟು ಕೂಡಿಸಿದರೆ ಮುಗಿಯಿತು ಎಂಬುದು ಆತನ ವ್ಯೂಹ. ಆಮೇಲೆ ಚಕ್ರಗಳನ್ನು ಕಳಚಿ, ಒರೆಸಿ, ಹೊಸ ಚೈನಿನ ಜೊತೆ ಪೇಪರಿನ ಮೇಲಿಟ್ಟು, ಚಹಾ ಕುಡಿಯಲು ಒಳಗೆ ಹೋದವನು ಅಲ್ಲೇ ಉರುಳಿ ಗೊರಕೆ ಹೊಡೆದನು. ಸೂರ್ಯ ಮುಳುಗಿದ. ಮೀಸೆ ಮಾತ್ರ ಇದ್ದಲ್ಲೇ ಇತ್ತು.

ಬೆಳಗಾಗೆದ್ದು ಬಂದು ನೋಡಿದರೆ, ಆಹಾ! ಎರಡೂ ಚಕ್ರಗಳ ಒಂದೊಂದು ಹಲ್ಲಿಗೂ ಕುಂಕುಮ, ನಡುವೆ ವಿಭೂತಿ, ಚೈನಿನ ಮೇಲೆ ಸೇವಂತಿಗೆ.

“ಯವ್ವಾ! ಇದನ್ನ ಯಾರ್ ಹಚ್ಚಿದ್ರು?”

ಆತನ ತಾಯಿ ಸಂಗವ್ವ ಹೆಮ್ಮೆಯಿಂದ ಹೊರಗೆ ಬಂದಳು. “ನಾನಪ್ಪಾ. ದೀಪಾ ಹಚ್ಚೋ ಹೊತ್ತಿನ್ಯಾಗ ನೋಡಿದ್ನಿ. ಒಂದ್ ಹಲ್ಲಿಗೆ ಹಚ್ಚಿ ಅರ್ಧಾ ಪೂಜಿ ಮಾಡಿ ಬಿಟ್ಟಿದ್ದಿ. ಕಬ್ಬಿಣದ ಸಾಮಾನಿಗೆ ಹಂಗ ಬಿಡಬಾರ್ದು. ಒಂದೂ ಬಿಡದಂಗ ಎಲ್ಲಾದಕ್ಕೂ ಹಚ್ಚೀನಿ ನೋಡು.”

ಲಾಳದಿಂದ ಮೊದಲುಮಾಡಿ ಕಂಡ ಕಬ್ಬಿಣಕ್ಕೆಲ್ಲ ಪೂಜೆ ಮಾಡುವುದನ್ನು ಕಲಿಸಿದವಳಿಗೆ ಮಗ ಏನೆಂದಾನು? ತಪ್ಪಾಯಿತೆಂದು ಒಪ್ಪಿಕೊಂಡರೆ ಮಹಾರುದ್ರಪ್ಪನ ಕುಲಕ್ಕೆ ಕಳಂಕವಲ್ಲವೇ? ಆದ್ದರಿಂದ ಅಂದಾಜಿನ ಮೇಲೆ ಒಂದು ಹಲ್ಲನ್ನು ಆರಿಸಿ, ಚೈನನ್ನು ತೊಡಿಸಿ, ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸಿದನು. ಅದು ತುಸು ತಿರುಗಿ ಠಣ್ಣೆಂದು ನಿಂತಿತು. ವೀರನು ಕಾಲೂರಿ, ಹಲ್ಲುಕಚ್ಚಿ, ಬಾಹುಬಲವನ್ನೆಲ್ಲ ಒಟ್ಟುಗೂಡಿಸಿದನು.

“ಸಾಕ್ ಬಿಡ್ರೀ, ಒಳಗೇನರ ಮುರದೀತು!” ಎಂದು ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ನೀಲಮ್ಮ ಕೂಗಿದಳು. ಆ ಕೂಗು ತಡವಾಗಿದ್ದರೆ ಎಂಜಿನ್ನು ಅಂದೇ ಗುಜರಿಯ ಪಾಲಾಗುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಅಣ್ಣನ ಮನೆಯಲ್ಲಿ ಹಾಲು ಉಕ್ಕಿತ್ತು. ನೀಲಮ್ಮ ಬುತ್ತಿಯ ಗಂಟಿನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಮಹಾರುದ್ರಪ್ಪನು ಪಾನಾವನ್ನು ಕೆಳಗಿಟ್ಟನು, ಸುಳ್ಳೇಕೆ ಹೇಳಲಿ.

ಆಮೇಲೆಯೇ ಆತ ಸೀಮೆಎಣ್ಣೆಯಿಂದ ಚಕ್ರಗಳನ್ನು ತೊಳೆದದ್ದು, ವಿಡಿಯೊವನ್ನು ಮೊದಲಿಂದ ಕೇಳಿದ್ದು. ತೊಳೆದ ಮೇಲೆ ಒಂದೊಂದು ಚಕ್ರದಲ್ಲೂ ಎಳ್ಳುಕಾಳಿನಷ್ಟು ಒಂದು ಕುಳಿ ಕಂಡಿತು. ಕಾರ್ಖಾನೆಯವರ ಗುರುತು. ಎಂಜಿನ್ನಿನ ಮೈಮೇಲೂ ಅದಕ್ಕೆ ಜೋಡಿಯಾದ ಗೆರೆ ಮೊದಲಿನಿಂದಲೂ ಇತ್ತು. ಕುಳಿಗೆ ಗೆರೆ ಕೂಡಿಸಿ, ಚೈನು ತೊಡಿಸಿ, ಈ ಸಲ ಮೆತ್ತಗೆ ತಿರುಗಿಸಿದನು. ಎಲ್ಲೂ ತಡೆಯಲಿಲ್ಲ. ಎಲ್ಲವನ್ನೂ ಮುಚ್ಚಿ, ಬಿಗಿದು, ಎಣ್ಣೆ ಹೊಯ್ದು, ಗಗನದಲ್ಲಿ ದೇವತೆಗಳು ಹೂಬುಟ್ಟಿ ಹಿಡಿದು ನಿಂತಿರಲು, ವಿಜಯದ ಕೀಲಿಯನ್ನು ತಿರುವಿದನು.

ಎಂಜಿನ್ನು ಚಾಲೂ ಆಯಿತು. ಕಟಕಟ ಸದ್ದೂ ಚಾಲೂ ಆಯಿತು.

ದೇವತೆಗಳು ಬುಟ್ಟಿಯೊಡನೆ ಹಿಂದಿರುಗಿದರು. ನೀಲಮ್ಮ ಎದ್ದು ಬಂದು, ಸೆರಗು ಸಿಕ್ಕಿಸಿ, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಕುಣಿಯುತ್ತಿದ್ದ ಕುದುರೆಲಾಳದ ಮೇಲೆ ಒಂದು ಬೆರಳಿಟ್ಟಳು. ಸದ್ದು ನಿಂತಿತು. ಬೆರಳು ತೆಗೆದಳು. ಕಟಕಟ.

“ಇದನ್ನ ಯಾವಾಗ ಕಟ್ಟಿದ್ರಿ?”

“ಹೋದ ಅಮಾಸಿಗೆ” ಎಂದಿತು ಸಿಂಹ.

ಅವಳು ಬುತ್ತಿಯ ಗಂಟಿಗೆ ಸುತ್ತಿದ್ದ ದಾರವನ್ನು ಬಿಚ್ಚಿ, ಲಾಳವನ್ನು ಕಾರಿನ ಮುಂದಿನ ಜಾಲರಿಗೆ ಬಿಗಿಯಾಗಿ ಕಟ್ಟಿ ಎರಡು ಗಂಟು ಹಾಕಿದಳು. ಯುದ್ಧ ಅಷ್ಟೇ ಇತ್ತು.

ಹಿರೇಕೆರೂರು ಸೇರಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಕಾರು ಒಂದಿಷ್ಟೂ ಸದ್ದು ಮಾಡದೆ ಬಂದು ನಿಂತದ್ದರಿಂದ ಯಾರೂ ತಿರುಗಿ ನೋಡಲಿಲ್ಲ. ಮಹಾರುದ್ರಪ್ಪ ಕರಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಇಳಿದನು. ಖಾಲಿ ಸಾರಿನ ಪಾತ್ರೆ ಹಿಡಿದು ಕಸ್ತೂರಿ ಹೊರಗೆ ಬಂದಳು.

“ಕಾರಿನ್ಯಾಗ ಬಂದ್ವಿ, ವೈನಿ” ಎಂದಳು ನೀಲಮ್ಮ.

“ಹೌದ? ಅದಕ್ಕ ಹೊತ್ತಾಗೇತಿ ಬಿಡ್ರಿ” ಎಂದಳು ಕಸ್ತೂರಿ. “ಬಸ್ಸಿಗೆ ಬಂದೋರೆಲ್ಲಾ ಉಂಡು ಹೋದ್ರು.”